ರಿಯೋ ಎಲೆ ಮತ್ತು ಬದುಕಿರುವ ಕೋಶ

ವೇದಿಕೆಯಲ್ಲಿರುವ ಹಿರಿಯರೇ, ಜೀವಶಾಸ್ತ್ರದ ಉಪನ್ಯಾಸಕ ಮಿತ್ರರೇ,

ಪ್ರಥಮ ಪಿಯುಸಿ ಪ್ರಾಕ್ಟಿಕಲ್ ಶುರುವಾಗುವ ಹೊತ್ತಿಗೆ ಸರಿಯಾಗಿ ಈ ಕಾರ್ಯಾಗಾರ ಇಟ್ಟುಕೊಂಡಿದ್ದೀರಿ. ಹೇಳಬೇಕಾದದ್ದು ಮುಖ್ಯವಾಗಿ ಒಂದೇ ಮಾತು. ಪ್ಲಾಸ್ಮೋಲಿಸಿಸ್ ಅನ್ನು, ಅಂದರೆ ನೀರು ಹೊರಹೋಗಿ ಕೋಶದ ಒಳಭಾಗ ಗೋಡೆಯಿಂದ ಬಿಟ್ಟು ಕುಗ್ಗುವುದನ್ನು, ಪ್ರೊಜೆಕ್ಟರಿನಲ್ಲಿ ತೋರಿಸಿ ಮುಗಿಸಬೇಡಿ. ಬದುಕಿರುವ ಕೋಶವನ್ನು ತೋರಿಸಿ. ಅದಕ್ಕೆ ಬೇಕಾದ ಗಿಡ ನಿಮ್ಮಲ್ಲಿ ಎಷ್ಟೋ ಜನರ ಕಾಲೇಜಿನ ಗೇಟಿನ ಪಕ್ಕದಲ್ಲೇ ಬೆಳೆದು ನಿಂತಿದೆ.

ರೆಕಾರ್ಡಿನಲ್ಲಿ ನಾವು ರಿಯೋ ಎಂದು ಬರೆಸುವ ಗಿಡ ಈಗ ಟ್ರಾಡೆಸ್ಕ್ಯಾಂಶಿಯಾ ಕುಲಕ್ಕೆ ಸೇರಿದೆ, ಟ್ರಾಡೆಸ್ಕ್ಯಾಂಶಿಯಾ ಸ್ಪೇತೇಸಿಯಾ. ತೂಗುಕುಂಡದಲ್ಲಿ ಇಳಿಬೀಳುವ ಬೆಳ್ಳಿಪಟ್ಟೆಯ ಜೆಬ್ರಿನಾ, ಪಾರ್ಕಿನ ಅಂಚಿಗೆ ಹಾಕುವ ನೇರಳೆ ಬಣ್ಣದ ಪಲ್ಲಿಡಾ, ಇವೆಲ್ಲ ಒಂದೇ ಕುಲದವು. ತವರು ಮೆಕ್ಸಿಕೊ ಕಡೆ. ನಮ್ಮ ಹೊಲದ ಬದುವಿನ ಕನ್ನೆ ಸೊಪ್ಪು ಇವುಗಳ ದಾಯಾದಿ, ಕುಟುಂಬ ಒಂದೇ, ಕುಲ ಬೇರೆ.

ರಿಯೋ ಏಕೆ? ಎಲೆಯ ಕೆಳಮೈ ಕೋಶಗಳ ರಸದಾನಿಯಲ್ಲಿ ನೇರಳೆ ಬಣ್ಣದ ಆಂಥೋಸಯನಿನ್ ತುಂಬಿಕೊಂಡಿರುತ್ತದೆ. ಬಣ್ಣ ಹಾಕುವ ಕೆಲಸವೇ ಇಲ್ಲ. ನೀರು ಹೊರಹೋದಂತೆ ಬಣ್ಣದ ಭಾಗ ಕುಗ್ಗಿ, ಗೋಡೆಗೂ ಅದಕ್ಕೂ ನಡುವೆ ಬಿಳಿ ಸಂದು ಬೀಳುವುದು ಕಣ್ಣೆದುರೇ ಕಾಣುತ್ತದೆ. ಆದರೆ ಗಿಡ ನೆರಳಿನಲ್ಲಿದ್ದರೆ ಬಣ್ಣ ತೆಳುವಾಗುತ್ತದೆ. ಪ್ರಾಕ್ಟಿಕಲ್‌ಗೆ ಕೆಲವು ವಾರ ಮುಂಚೆಯೇ ಕುಂಡವನ್ನು ಬಿಸಿಲಿಗೆ ಇಡಿಸಿ.

ಈಗ ಎಲೆಯ ಪೊರೆಯನ್ನು ಅದ್ದಿಡುವ ಸಕ್ಕರೆ ದ್ರಾವಣ. ಹೆಚ್ಚು ತಪ್ಪಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಮೋಲಾರ್ ಸ್ಟಾಕ್ (ಮೂಲ ದ್ರಾವಣ) ಎಂದರೆ 34.2 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ನೀರು ಸೇರಿಸಿ 100 ಮಿ.ಲೀ. ಗೆರೆಗೆ ತರುವುದು. 100 ಮಿ.ಲೀ. ನೀರು ಅಳೆದು ಅದಕ್ಕೆ ಸಕ್ಕರೆ ಸುರಿಯುವುದಲ್ಲ. ಹಾಗೆ ಸುರಿದರೆ ಒಟ್ಟು ಸುಮಾರು 121 ಮಿ.ಲೀ. ಆಗುತ್ತದೆ. ಬಾಟಲಿಯ ಮೇಲೆ 1 ಮೋಲಾರ್ ಎಂದಿರುತ್ತದೆ, ಒಳಗಿರುವುದು 0.83. ಅದರಿಂದ ತಯಾರಿಸಿದ 0.22ರ ದ್ರಾವಣ ವಾಸ್ತವದಲ್ಲಿ 0.18. ಮಕ್ಕಳ ಗ್ರಾಫ್ ಪೂರ್ತಿ ಪಕ್ಕಕ್ಕೆ ಸರಿಯುತ್ತದೆ, ತಪ್ಪೆಲ್ಲಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಸರಿಯಾದ ಸ್ಟಾಕಿನಿಂದ 2, 2.8, 3.6, 4.4, 5.2, 6 ಮಿ.ಲೀ. ತೆಗೆದು ಪ್ರತಿಯೊಂದನ್ನೂ ನೀರು ಹಾಕಿ 20 ಮಿ.ಲೀ. ಮಾಡಿ. 0.10ರಿಂದ 0.30ರವರೆಗೆ ಆರು ದ್ರಾವಣ ಸಿದ್ಧ. ಅಡುಗೆಮನೆಯ ಸಕ್ಕರೆ ಸಾಕು. ಆದರೆ ಅವತ್ತಿನದು ಅವತ್ತೇ ಮಾಡಿ, ಇಟ್ಟರೆ ಹುಳಿಯುತ್ತದೆ.

ಪೀಲ್ ತೆಗೆಯುವಾಗ ಬಲಿತ ಎಲೆ ಆರಿಸಿ. ಎಲೆಯನ್ನು ಓರೆಯಾಗಿ ಮುರಿದು ಎಳೆದರೆ ಅಂಚಿನಲ್ಲಿ ತೆಳುವಾದ ನೇರಳೆ ಪೊರೆ ಬಿಡಿಸಿಕೊಂಡು ಬರುತ್ತದೆ. ಹಸಿರು ತಿರುಳು ಅಂಟಿದ್ದರೆ ಆ ತುಂಡು ಬೇಡ. ಒಣಗಲು ಬಿಡದೆ ತಕ್ಷಣ ನೀರಿಗೆ ಹಾಕಿ. ಆಮೇಲೆ ಒಂದೊಂದು ತುಂಡನ್ನು ಒಂದೊಂದು ದ್ರಾವಣದಲ್ಲಿ, ವಾಚ್ ಗ್ಲಾಸಿನಲ್ಲಿ ಮುಚ್ಚಿ, 15ರಿಂದ 20 ನಿಮಿಷ ಇಡಿ. ಸ್ಲೈಡಿನ ಮೇಲೇ ಅಷ್ಟು ಹೊತ್ತು ಬಿಟ್ಟರೆ ದೀಪದ ಬಿಸಿಗೆ ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. ನೋಡುವಾಗ ಅದೇ ದ್ರಾವಣದ ಹನಿಯಲ್ಲಿ ಮೌಂಟ್ ಮಾಡಿ. ಎಷ್ಟೋ ಕಡೆ ರೂಢಿಯಂತೆ ನೀರಿನ ಹನಿ ಹಾಕಿಬಿಡುತ್ತಾರೆ. ಕುಗ್ಗಿದ ಕೋಶ ಮತ್ತೆ ಉಬ್ಬಿ, "ಏನೂ ಆಗಲಿಲ್ಲ ಸಾರ್" ಎನ್ನುತ್ತಾರೆ ಮಕ್ಕಳು. ಅವರದು ಸರಿಯಾದ ವೀಕ್ಷಣೆಯೇ!

ಎಣಿಸುವಾಗ ಹರಿದ ಅಂಚನ್ನು ಬಿಡಿ. ಅಲ್ಲಿ ಬಣ್ಣವಿಲ್ಲದ ಕೋಶಗಳು ಸತ್ತವು, ಪೊರೆ ಒಡೆದು ಬಣ್ಣ ಸೋರಿಹೋಗಿರುತ್ತದೆ. ಮಧ್ಯದಲ್ಲಿಯೂ ಬಣ್ಣವಿಲ್ಲದ ಕೆಲವು ಕಾಣುತ್ತವೆ, ಅವು ಪತ್ರರಂಧ್ರದ ಸುತ್ತಲಿನ ಸಹಾಯಕ ಕೋಶಗಳು, ಸಾಮಾನ್ಯವಾಗಿ ನಾಲ್ಕು. ಅವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಬೇರೆ ಬೇರೆ ಜಾಗಗಳಿಂದ ನೂರು ನೇರಳೆ ಕೋಶ ಎಣಿಸಿ, ಮೂಲೆಯಲ್ಲಿ ಚೂರು ಸಂದು ಬಿದ್ದಿದ್ದರೂ ಪ್ಲಾಸ್ಮೋಲಿಸಿಸ್ ಎಂದೇ ಬರೆಸಿ. ಅರ್ಧದಷ್ಟು ಕೋಶಗಳಲ್ಲಿ ಸಂದು ಬಿದ್ದ ದ್ರಾವಣದ ಸಾಂದ್ರತೆಯೇ ನಮಗೆ ಬೇಕಾದ ಅಂಕಿ, ಕೋಶರಸದ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ. ಕೊನೆಗೆ ಒಂದು ಬದಿಯಲ್ಲಿ ನೀರು ಬಿಟ್ಟು ಇನ್ನೊಂದು ಬದಿಯಲ್ಲಿ ಫಿಲ್ಟರ್ ಪೇಪರಿನಿಂದ ಹೀರಿಸಿ, ಕೋಶ ಮರಳಿ ತುಂಬಿಕೊಳ್ಳುವುದನ್ನು ತೋರಿಸಿ. ಬೇಯಿಸಿದ ಪೀಲ್‌ನಲ್ಲಿ ಇದು ಯಾವುದೂ ಆಗದು, ಅದನ್ನೂ ಪಕ್ಕದಲ್ಲಿಡಿ. ಬದುಕಿರುವ ಕೋಶ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇನ್ನು ಈ ಕುಲದ ಹೂವಿನ ವಿಷಯಕ್ಕೆ ಬರೋಣ. ಮೂರು ದಳ, ಆರು ಕೇಸರ, ಕೇಸರದ ಎಳೆಯ ಮೇಲೆ ಮಣಿಸರದಂತೆ ಪೋಣಿಸಿದ ಕೋಶಗಳ ಕೂದಲು. 1831ರಲ್ಲಿ ರಾಬರ್ಟ್ ಬ್ರೌನ್ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟದ್ದು ಆರ್ಕಿಡ್‌ಗಳ ಅಧ್ಯಯನದಲ್ಲಿ ಎಂದು ಎಲ್ಲರೂ ಪಾಠ ಮಾಡುತ್ತೇವೆ. ಅದೇ ಬ್ರೌನ್ ಟ್ರಾಡೆಸ್ಕ್ಯಾಂಶಿಯಾದ ಈ ಕೂದಲಿನಲ್ಲೂ ಕೋಶಕೇಂದ್ರವನ್ನೂ ಕೋಶದ್ರವ್ಯದ ಹರಿವನ್ನೂ ಕಂಡಿದ್ದರು ಎಂಬುದನ್ನು ಬಿಟ್ಟುಬಿಡುತ್ತೇವೆ.

ಇಪ್ಪತ್ತನೇ ಶತಮಾನದಲ್ಲಿ ಈ ಕೂದಲಿಗೆ ಇನ್ನೂ ದೊಡ್ಡ ಕೆಲಸ ಬಂತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆರ್ನಾಲ್ಡ್ ಸ್ಪ್ಯಾರೋ ಮತ್ತು ಸಂಗಡಿಗರು ನೀಲಿ ಮತ್ತು ಗುಲಾಬಿ ಎರಡೂ ಬಣ್ಣದ ಜೀನ್ ಹೊತ್ತ ಗಿಡಗಳನ್ನು ಬಳಸಿದರು. ನೀಲಿ ಪ್ರಬಲ, ಹಾಗಾಗಿ ಹೂವೂ ಕೂದಲೂ ನೀಲಿ. ವಿಕಿರಣ ತಗುಲಿ ನೀಲಿ ಜೀನ್ ಕೆಟ್ಟರೆ ಆ ಕೋಶ ಗುಲಾಬಿ. ನೀಲಿ ಸಾಲಿನಲ್ಲಿ ಗುಲಾಬಿ ಕೋಶಗಳನ್ನು ಎಣಿಸಿದರೆ ಉತ್ಪರಿವರ್ತನೆಯ ಲೆಕ್ಕ ಸಿಕ್ಕಿತು! 1972ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ 0.25 ರ್‍ಯಾಡ್‌ನಷ್ಟು ಅಲ್ಪ ಎಕ್ಸ್‌ರೇಗೂ ಪರಿಣಾಮ ಕಂಡಿತ್ತು. ಅದಕ್ಕೂ ಮೊದಲು, 1967ರಲ್ಲಿ, ನಾಸಾದ ಬಯೋಸ್ಯಾಟಲೈಟ್ 2 ಉಪಗ್ರಹದಲ್ಲಿ ಈ ಗಿಡ ಭೂಮಿಯನ್ನೇ ಸುತ್ತಿ ಬಂದಿದೆ. ಗೇಟಿನ ಪಕ್ಕದ ಕುಂಡವನ್ನು ಕಂಡಾಗ ಮಕ್ಕಳಿಗೆ ಇದನ್ನು ಹೇಳಿ.

ಆ ವಿಶೇಷ ಕ್ಲೋನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಕೋಶದ್ರವ್ಯದ ಹರಿವು ನೋಡಲು ನೇರಳೆ ಪಲ್ಲಿಡಾ ಧಾರಾಳ ಸಾಕು. ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ದಳ ಉದುರದೆ ಕರಗಿದಂತಾಗುತ್ತದೆ. ಆದ್ದರಿಂದ ಮೊದಲ ಪೀರಿಯಡ್‌ನಲ್ಲೇ ಮಾಡಿಸಿ. ಒಂದು ಕೇಸರ ಕಿತ್ತು ನೀರಿನ ಹನಿಯಲ್ಲಿ ಸೂಜಿಯಿಂದ ಒಂದೆರಡು ಸಲ ಅದ್ದಿದರೆ ಗಾಳಿಗುಳ್ಳೆ ಬಿಡುತ್ತವೆ. ಕವರ್ ಸ್ಲಿಪ್ ಒತ್ತಬೇಡಿ. 40 ಪಟ್ಟಿನ ಲೆನ್ಸಿನಲ್ಲಿ, ಬೆಳಕು ಕಡಿಮೆ ಮಾಡಿ, ಎರಡು ನಿಮಿಷ ತಾಳ್ಮೆಯಿಂದ ನೋಡಿದರೆ ಸೂಕ್ಷ್ಮ ಕಣಗಳು ಎಳೆಎಳೆಯಾಗಿ ಓಡುವುದು ಕಾಣುತ್ತದೆ. ಮಳೆಗಾಲದಲ್ಲಿ ನಮ್ಮದೇ ಸಯನೋಟಿಸ್ ಹೂವಿನಲ್ಲೂ ಇಂಥ ಕೂದಲಿದೆ. ಕನ್ನೆ ಸೊಪ್ಪಿನ ಕೇಸರ ಬೋಳು, ಅದರಲ್ಲಿ ಹುಡುಕಿ ಸುಸ್ತಾಗಬೇಡಿ.

ಚೀಟಿ ಬಂತು, ಸಮಯವಾಯಿತಂತೆ. ವಾಯುಮಾಲಿನ್ಯ ಅಳೆಯುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ ಬಗ್ಗೆ ಹೇಳಬೇಕೆಂದಿದ್ದೆ, ಆಸಕ್ತರು ಊಟದ ಹೊತ್ತಿನಲ್ಲಿ ಕೇಳಿ. ಬೆಳೆಸುವ ವಿಷಯ ಎರಡೇ ಮಾತು: ಪಲ್ಲಿಡಾ, ಜೆಬ್ರಿನಾ ಆದರೆ ಎರಡು ಮೂರು ಗೆಣ್ಣಿನ ತುಂಡು ಚುಚ್ಚಿ, ರಿಯೋ ಆದರೆ ಬುಡದ ಮರಿ ಬಿಡಿಸಿ ನೆಡಿ. ನೀರು ನಿಂತರೆ ಬೇರು ಕೊಳೆಯುತ್ತದೆ. ರಿಯೋ ರಸ ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಮಕ್ಕಳು ಕೈ ತೊಳೆಯದೆ ಕಣ್ಣು ಉಜ್ಜದಂತೆ ನೋಡಿಕೊಳ್ಳಿ. ಮಿಕ್ಕ ಕಾಂಡದ ತುಂಡುಗಳನ್ನು ಹಳ್ಳದ ದಂಡೆಗೆ ಎಸೆಯಬೇಡಿ, ಗೆಣ್ಣೊಂದಿದ್ದರೂ ಚಿಗುರುತ್ತದೆ. ಇದೇ ಕುಲದ ಫ್ಲೂಮಿನೆನ್ಸಿಸ್ ನ್ಯೂಜಿಲೆಂಡಿನ ಕಾಡಿನ ನೆಲವನ್ನು ಮುಚ್ಚಿ ಮರದ ಸಸಿಗಳು ಏಳದಂತೆ ಮಾಡಿದೆ, ಅದನ್ನು ತಿನ್ನುವ ಜೀರುಂಡೆಗಳನ್ನು ಬ್ರೆಜಿಲ್‌ನಿಂದ ತರಬೇಕಾಯಿತು. ಮಿಕ್ಕ ತುಂಡುಗಳನ್ನು ಚೆನ್ನಾಗಿ ಒಣಗಿಸಿ ಸುಟ್ಟುಬಿಡಿ. ದ್ರಾವಣಗಳೂ ಎಲೆಗಳೂ ಹಿಂದಿನ ಮೇಜಿನ ಮೇಲಿವೆ, ಒಂದು ಸೂಕ್ಷ್ಮದರ್ಶಕಕ್ಕೆ ನಾಲ್ಕು ಜನರಂತೆ ಬನ್ನಿ.