ಪರವಾನಗಿಯ ಸಂಖ್ಯೆ ಮತ್ತು ಮನೆಯೊಡೆಯರ ರಕ್ಷಣೆ: ಕ್ಯಾಲಿಫೋರ್ನಿಯಾದ ಗುತ್ತಿಗೆದಾರ ಕಾನೂನು

ಮಾನ್ಯ ಸಭಿಕರೇ,

ಅಡುಗೆಮನೆ ಹೊಸದಾಗಿ ಮಾಡಿಸುವವರಾಗಲಿ, ಛಾವಣಿ ಬದಲಾಯಿಸುವವರಾಗಲಿ, ಗುತ್ತಿಗೆದಾರರನ್ನು ಮೊದಲು ಕೇಳುವುದು ಒಟ್ಟು ಖರ್ಚು ಎಷ್ಟಾಗುತ್ತದೆ ಎಂದು. ಅದಕ್ಕಿಂತ ಮುಂಚೆ ತಿಳಿದುಕೊಳ್ಳಬೇಕಾದದ್ದು ಒಂದಿದೆ: ಕೆಲಸ ಅರ್ಧಕ್ಕೆ ನಿಂತರೆ, ಕೆಲಸಗಾರ ಏಣಿಯಿಂದ ಬಿದ್ದರೆ, ಟೈಲ್ಸ್ ಕೊಟ್ಟ ಅಂಗಡಿಗೆ ಹಣ ತಲುಪದಿದ್ದರೆ ಹೊಣೆ ಯಾರದು? ಕ್ಯಾಲಿಫೋರ್ನಿಯಾ ರಾಜ್ಯದ ಗುತ್ತಿಗೆದಾರ ಪರವಾನಗಿ ಕಾನೂನು ಈ ಹೊಣೆಯನ್ನು ಗುರುತಿಸಲೆಂದೇ ಇದೆ. ಆದರೆ ಆ ಕಾನೂನಿನ ರಕ್ಷಣೆ ತಾನಾಗಿಯೇ ಮನೆಗೆ ಬರುವುದಿಲ್ಲ. ಪರಿಶೀಲಿಸಿ ಸಹಿ ಮಾಡುವವರಿಗೆ, ಕೆಲಸ ನೋಡಿ ಹಣ ಕೊಡುವವರಿಗೆ ಮಾತ್ರ ಅದು ಪೂರ್ತಿಯಾಗಿ ದಕ್ಕುತ್ತದೆ ಎಂಬುದೇ ಇಂದು ನಾನು ಹೇಳಬೇಕಾದ ಮಾತು.

1929ರಲ್ಲಿ ಸ್ಥಾಪನೆಯಾದ ರಾಜ್ಯದ ಗುತ್ತಿಗೆದಾರ ಪರವಾನಗಿ ಮಂಡಳಿಯೇ ಇಲ್ಲಿನ ನಿಯಂತ್ರಕ ಸಂಸ್ಥೆ. ಪರವಾನಗಿ ಬೇಕಾದರೆ ಆ ಕಸುಬಿನಲ್ಲಿ ಕನಿಷ್ಠ ನಾಲ್ಕು ವರ್ಷಗಳ ನುರಿತ ಅನುಭವವಿರಬೇಕು. ಸಾಮಾನ್ಯವಾಗಿ ಕಾನೂನು ಮತ್ತು ವ್ಯವಹಾರ ಕುರಿತ ಒಂದು ಪರೀಕ್ಷೆಯನ್ನೂ ಕಸುಬಿಗೆ ಸಂಬಂಧಿಸಿದ ಇನ್ನೊಂದು ಪರೀಕ್ಷೆಯನ್ನೂ ಪಾಸು ಮಾಡಬೇಕು. ಹಿನ್ನೆಲೆ ತಪಾಸಣೆಗಾಗಿ ಬೆರಳಚ್ಚು ಕೊಡಬೇಕು. ಕೂಲಿ ಮತ್ತು ಸಾಮಗ್ರಿ ಸೇರಿ 500 ಡಾಲರ್ ತಲುಪುವ ಕೆಲಸಕ್ಕೆ ಪರವಾನಗಿ ಕಡ್ಡಾಯವೆಂಬ ನಿಯಮ ದೀರ್ಘಕಾಲವಿತ್ತು. 2025ರ ಜನವರಿ 1ರಿಂದ ಆ ಮಿತಿ 1,000 ಡಾಲರ್‌ಗೆ ಏರಿದೆ. ಈ ಬದಲಾವಣೆಯನ್ನು ಅನೇಕರು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ಕೆಲಸಕ್ಕೆ ಕಟ್ಟಡ ಇಲಾಖೆಯ ಪರ್ಮಿಟ್ ಬೇಕಿದ್ದರೆ, ಅಥವಾ ಕೆಲಸ ಮಾಡುವವನು ಬೇರೆಯವರನ್ನು ಕೆಲಸಕ್ಕಿಟ್ಟುಕೊಂಡಿದ್ದರೆ, ಮೊತ್ತ ಸಣ್ಣದಾಗಿದ್ದರೂ ಈ ವಿನಾಯಿತಿ ಸಿಗುವುದಿಲ್ಲ. ಒಂದೇ ಕೆಲಸವನ್ನು ತುಂಡು ತುಂಡು ಬಿಲ್ಲುಗಳಾಗಿ ಒಡೆದು ಮಿತಿಯೊಳಗೆ ತೋರಿಸುವುದಕ್ಕೂ ಅವಕಾಶವಿಲ್ಲ.

ಪರವಾನಗಿಯಲ್ಲಿ ವರ್ಗಗಳಿವೆ. 'ಎ' ವರ್ಗ ರಸ್ತೆ, ಸೇತುವೆಗಳಂಥ ಎಂಜಿನಿಯರಿಂಗ್ ಕಾಮಗಾರಿಗೆ, 'ಬಿ' ವರ್ಗ ಸಾಮಾನ್ಯ ಕಟ್ಟಡ ನಿರ್ಮಾಣಕ್ಕೆ, 'ಸಿ' ವರ್ಗ ವಿಶೇಷ ಕಸುಬುಗಳಿಗೆ. ವಿದ್ಯುತ್ ಕೆಲಸ ಸಿ-10, ಪ್ಲಂಬಿಂಗ್ ಸಿ-36, ಛಾವಣಿ ಸಿ-39. ಛಾವಣಿಯ ಪರವಾನಗಿ ಇರುವವನು ಮನೆಯ ವೈರಿಂಗ್ ಒಪ್ಪಿಕೊಂಡರೆ, ಆ ಕೆಲಸದ ಮಟ್ಟಿಗೆ ಅವನಿಗೆ ಪರವಾನಗಿಯೇ ಇಲ್ಲ.

ಮಂಡಳಿಯ ಜಾಲತಾಣದಲ್ಲಿ ಪರವಾನಗಿಯ ಸಂಖ್ಯೆಯನ್ನು ಹಾಕಿದರೆ ಒಂದು ಪುಟ ತೆರೆಯುತ್ತದೆ. ಪರವಾನಗಿ ಚಾಲ್ತಿಯಲ್ಲಿದೆ ಎಂಬ ಸಾಲನ್ನು ಕಂಡೊಡನೆ ಹೆಚ್ಚಿನವರು ಪುಟ ಮುಚ್ಚಿಬಿಡುತ್ತಾರೆ. ದಯವಿಟ್ಟು ಕೊನೆಯವರೆಗೆ ಓದಿ. ಅಲ್ಲಿರುವ ವ್ಯಾಪಾರದ ಹೆಸರು ನಿಮ್ಮ ಕೈಯಲ್ಲಿರುವ ಕರಾರಿನ ಹೆಸರಿಗೆ ಹೊಂದುತ್ತದೆಯೇ, ವರ್ಗ ನಿಮ್ಮ ಕೆಲಸಕ್ಕೆ ಸರಿಯೇ, ಬಾಂಡ್, ಅಂದರೆ ಗುತ್ತಿಗೆದಾರರಿಂದ ನಷ್ಟವಾದವರಿಗೆ ಹಣ ಸಿಗಲೆಂದು ಇಡುವ ಖಾತರಿ, ಚಾಲ್ತಿಯಲ್ಲಿದೆಯೇ, ಕಾರ್ಮಿಕರ ಪರಿಹಾರ ವಿಮೆಯ ಜಾಗದಲ್ಲಿ ಏನು ಬರೆದಿದೆ, ಶಿಸ್ತುಕ್ರಮದ ಉಲ್ಲೇಖವಿದೆಯೇ ಎಂಬುದೆಲ್ಲ ಅದೇ ಪುಟದಲ್ಲಿರುತ್ತದೆ. ಬೇರೆಯವರ ಪರವಾನಗಿ ಸಂಖ್ಯೆಯನ್ನು ತಮ್ಮದೆಂದು ಬರೆದುಕೊಡುವ ಮೋಸ ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೆಸರನ್ನು ತಾಳೆ ನೋಡಿದಾಗಲೇ. ಹಾಗಾಗಿ ಬಂದವರ ಪರವಾನಗಿ ಕಾರ್ಡನ್ನೂ ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಬಾಂಡ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 2023ರಿಂದ ಪ್ರತಿ ಗುತ್ತಿಗೆದಾರರೂ 25,000 ಡಾಲರ್ ಮೊತ್ತದ ಬಾಂಡ್ ಇಡಬೇಕು. ಇದು ನಿಮ್ಮೊಬ್ಬರ ಕೆಲಸಕ್ಕೆ ಮೀಸಲಾದ ಹಣವಲ್ಲ. ಅದೇ ಗುತ್ತಿಗೆದಾರರಿಂದ ನಷ್ಟಕ್ಕೊಳಗಾದ ಇತರ ಮನೆಯೊಡೆಯರೂ, ಸಂಬಳ ಸಿಗದ ಕೆಲಸಗಾರರೂ ಅದರ ಮೇಲೆಯೇ ಹಕ್ಕು ಹೂಡುತ್ತಾರೆ. ಲಕ್ಷ ಡಾಲರ್ ಕೆಲಸಕ್ಕೆ ಈ ಬಾಂಡನ್ನೇ ನೆಚ್ಚಿ ಕೂರುವುದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಇನ್ನು ಕಾರ್ಮಿಕರ ಪರಿಹಾರ ವಿಮೆ: ಕೆಲಸಗಾರರಿರುವ ಪ್ರತಿ ಗುತ್ತಿಗೆದಾರರಿಗೂ ಇದು ಕಡ್ಡಾಯ. ಛಾವಣಿ ಕೆಲಸದವರಿಗೂ, 2023ರಿಂದ ಕಾಂಕ್ರೀಟ್, ಹವಾನಿಯಂತ್ರಣ, ಆಸ್ಬೆಸ್ಟಾಸ್ ತೆಗೆಯುವ ಮತ್ತು ಮರ ಕಡಿಯುವ ಕೆಲಸದವರಿಗೂ, ಒಬ್ಬ ಕೆಲಸಗಾರನೂ ಇಲ್ಲದಿದ್ದರೂ ಅದು ಕಡ್ಡಾಯ. ವಿಮೆಯಿಲ್ಲದ ಕಡೆ ಅಪಘಾತವಾದರೆ ಪರಿಹಾರದ ಹೊರೆ ಮನೆಯೊಡೆಯರ ಮೇಲೇ ಬೀಳಬಹುದು.

ಹಣದ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಅನಾಹುತಗಳು ಶುರುವಾಗುವುದು ಇಲ್ಲಿಂದಲೇ. ಮನೆ ಸುಧಾರಣೆಯ ಕರಾರಿನಲ್ಲಿ ಮುಂಗಡವು ಒಟ್ಟು ಮೊತ್ತದ ಶೇ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. 8,000 ಡಾಲರ್ ಕೆಲಸಕ್ಕೆ 800 ಡಾಲರ್, 60,000 ಡಾಲರ್ ಕೆಲಸಕ್ಕೂ ಬರೀ 1,000 ಡಾಲರ್. ಕ್ಯಾಬಿನೆಟ್ ಆರ್ಡರ್ ಮಾಡಬೇಕು, ಸಾಮಗ್ರಿ ತರಬೇಕು ಎಂಬ ಕಾರಣಗಳಿಗೆ ಇದು ಬಗ್ಗುವುದಿಲ್ಲ. ಇಡೀ ಕೆಲಸಕ್ಕೆ ಪ್ರತ್ಯೇಕ ಭದ್ರತಾ ಬಾಂಡ್ ಒದಗಿಸಿದ ಗುತ್ತಿಗೆದಾರರಿಗೆ ಮಾತ್ರ ವಿನಾಯಿತಿಯುಂಟು. ಮುಂದಿನ ಕಂತುಗಳೂ ಆಗಿರುವ ಕೆಲಸದ ಮತ್ತು ತಂದಿಳಿಸಿದ ಸಾಮಗ್ರಿಯ ಬೆಲೆಯನ್ನು ದಾಟಬಾರದು. ಮೊದಲ ದಿನವೇ ಅರ್ಧ ಹಣ ಕೇಳುವವರು ಕಾನೂನು ಮುರಿಯುತ್ತಿದ್ದಾರೆ, ಅವರು ಎಷ್ಟೇ ಸಜ್ಜನರಾಗಿ ಕಂಡರೂ ಸರಿ.

ಕರಾರು ಲಿಖಿತವಾಗಿರಬೇಕು. ಕೆಲಸದ ವಿವರ, ಸಾಮಗ್ರಿ, ಆರಂಭ ಮತ್ತು ಮುಕ್ತಾಯದ ಅಂದಾಜು ದಿನಾಂಕ, ಕಂತುಗಳ ಪಟ್ಟಿ ಎಲ್ಲವೂ ಅದರಲ್ಲಿರಬೇಕು. ನಡುವೆ ಮಾಡಿಸುವ ಬದಲಾವಣೆಯನ್ನೂ ಬರೆದು, ಇಬ್ಬರೂ ಸಹಿ ಹಾಕಿದ ಮೇಲೆಯೇ ಕೆಲಸ ಶುರುವಾಗಬೇಕು. ಸಾಮಾನ್ಯವಾಗಿ ಸಹಿ ಮಾಡಿದ ಮೇಲೆ ಮೂರು ವ್ಯವಹಾರ ದಿನಗಳೊಳಗೆ, 65 ವರ್ಷ ತುಂಬಿದವರಾದರೆ ಐದು ವ್ಯವಹಾರ ದಿನಗಳೊಳಗೆ, ಕರಾರನ್ನು ರದ್ದು ಮಾಡುವ ಹಕ್ಕಿದೆ. ಹಿರಿಯರಿರುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು.

ಪರ್ಮಿಟ್ಟನ್ನು ಮನೆಯೊಡೆಯರ ಹೆಸರಿನಲ್ಲೇ ತೆಗೆದುಕೊಳ್ಳಿ ಎನ್ನುವ ಗುತ್ತಿಗೆದಾರರಿಂದ ದೂರವಿರುವುದು ಒಳ್ಳೆಯದು. ಹಾಗೆ ತೆಗೆದರೆ ಮನೆಯೊಡೆಯರೇ ನಿರ್ಮಾಣದ ಹೊಣೆ ಹೊತ್ತಂತಾಗುತ್ತದೆ.

ಪರವಾನಗಿಯಿಲ್ಲದವರ ವಿಷಯದಲ್ಲಿ ಕಾನೂನು ಕಠಿಣ. ಪರವಾನಗಿಯಿಲ್ಲದೆ ಗುತ್ತಿಗೆ ಹಿಡಿದ ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಜೈಲು ಮತ್ತು 5,000 ಡಾಲರ್‌ವರೆಗೆ ದಂಡ ಬೀಳಬಹುದು. ವಿಪತ್ತು ಘೋಷಣೆಯಾದ ಪ್ರದೇಶದಲ್ಲಿ ಇದೇ ಕೆಲಸ ಇನ್ನೂ ಗಂಭೀರ ಅಪರಾಧವಾಗಬಲ್ಲುದು. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚಿನಲ್ಲಿ ಮನೆ ಕಳೆದುಕೊಂಡವರಂಥವರು ಅವಸರದಲ್ಲೂ ದುಃಖದಲ್ಲೂ ಇರುವಾಗ ಮೋಸ ಸುಲಭ, ಅದಕ್ಕೇ ಈ ಬಿಗಿ ನ್ಯಾಯವಾದದ್ದೆಂದು ನನ್ನ ಭಾವನೆ. ಪರವಾನಗಿ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದವರು ಕೂಲಿಗಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಕೊಟ್ಟ ಹಣವನ್ನು ಮನೆಯೊಡೆಯರೇ ದಾವೆ ಹೂಡಿ ಹಿಂದಕ್ಕೆ ಪಡೆಯಬಹುದು. ಕೈಗೆ ಸಿಗದ ಮನುಷ್ಯನಿಂದ ಹಣ ವಸೂಲಾಗುವುದು ಮಾತ್ರ ಬೇರೆಯೇ ಮಾತು.

ಪರವಾನಗಿ ಇದ್ದೂ ಕಾಡುವ ಅಪಾಯವೆಂದರೆ ಮೆಕ್ಯಾನಿಕ್ಸ್ ಲೀನ್. ನೀವು ಮುಖ್ಯ ಗುತ್ತಿಗೆದಾರರಿಗೆ ಪೂರ್ತಿ ಹಣ ಕೊಟ್ಟಿದ್ದರೂ ಅವರು ಉಪಗುತ್ತಿಗೆದಾರರಿಗೋ ಸಾಮಗ್ರಿ ಕೊಟ್ಟವರಿಗೋ ಪಾವತಿ ಮಾಡದಿದ್ದರೆ, ಹಣ ಸಿಗದವರು ನಿಮ್ಮ ಆಸ್ತಿಯ ಮೇಲೆಯೇ ಹಕ್ಕು ದಾಖಲಿಸಬಹುದು. ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರುವ ಸ್ಥಿತಿ ಬರಬಹುದು. ಇಂಥವರು ಸಾಮಾನ್ಯವಾಗಿ ಕೆಲಸ ಅಥವಾ ಸರಬರಾಜು ಶುರುವಾದ 20 ದಿನಗಳೊಳಗೆ ಮನೆಯೊಡೆಯರಿಗೆ ಪ್ರಾಥಮಿಕ ನೋಟಿಸ್ ಕಳುಹಿಸುತ್ತಾರೆ. ಅದನ್ನು ನೋಡಿ ಗಾಬರಿಯಾಗುವುದೂ ಬೇಡ, ಕಸದ ಬುಟ್ಟಿಗೆ ಹಾಕುವುದೂ ಬೇಡ. ನಿಮ್ಮ ಮನೆಯಲ್ಲಿ ಯಾರ್ಯಾರ ಹಣ ತೊಡಗಿದೆ ಎಂದು ತಿಳಿಸುವ ಪಟ್ಟಿ ಅದು. ಪ್ರತಿ ಕಂತು ಕೊಡುವಾಗ ಆ ಪಟ್ಟಿಯಲ್ಲಿರುವವರಿಂದ ಷರತ್ತಿನ ಬಿಡುಗಡೆ ಪತ್ರ (ಹಣ ಕೈಸೇರಿದರೆ ಲೀನ್ ಹಕ್ಕು ಬಿಡುತ್ತೇವೆಂಬ ಬರಹ), ಹಣ ತಲುಪಿದ ಮೇಲೆ ಷರತ್ತಿಲ್ಲದ ಬಿಡುಗಡೆ ಪತ್ರ ಪಡೆದುಕೊಳ್ಳಬೇಕು. ಗುತ್ತಿಗೆದಾರ ಮತ್ತು ಸರಬರಾಜುದಾರ ಇಬ್ಬರ ಹೆಸರಿಗೂ ಸೇರಿಸಿ ಒಂದೇ ಚೆಕ್ ಬರೆಯುವುದು ಇನ್ನೊಂದು ದಾರಿ. ಕೆಲಸ ಮುಗಿದ 15 ದಿನಗಳೊಳಗೆ ಕೌಂಟಿ ಕಚೇರಿಯಲ್ಲಿ ಮುಕ್ತಾಯದ ಸೂಚನೆಯನ್ನು ದಾಖಲಿಸಿದರೆ, ಲೀನ್ ಹಾಕಲು ಇರುವ 90 ದಿನಗಳ ಅವಧಿ ಮುಖ್ಯ ಗುತ್ತಿಗೆದಾರರಿಗೆ 60 ದಿನಗಳಿಗೂ ಉಳಿದವರಿಗೆ 30 ದಿನಗಳಿಗೂ ಇಳಿಯುತ್ತದೆ. ಕೊನೆಯ ಕಂತನ್ನು ಬಿಡುಗಡೆ ಪತ್ರಗಳು ಕೈಗೆ ಬರುವವರೆಗೆ, ಕಟ್ಟಡ ಇಲಾಖೆಯ ಅಂತಿಮ ತಪಾಸಣೆ ಮುಗಿಯುವವರೆಗೆ ತಡೆಹಿಡಿಯಬಹುದೆಂದು ಕರಾರಿನಲ್ಲಿ ಮೊದಲೇ ಬರೆಸಿಕೊಂಡಿರಿ.