ಮೈದಾಸನ ಹೆಂಡತಿ ಏನೆಂದಳು?

ಕೇಳುಗರಿಗೆ ನಮಸ್ಕಾರ.

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ವರ ಬೇಡಿದ ಗ್ರೀಕ್ ಪುರಾಣದ ದೊರೆ ಮೈದಾಸನ ಕತೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದವಳು ಯಾರು? ಅವತ್ತು ರಾತ್ರಿ ಅವಳು ಎಲ್ಲಿ ಮಲಗಿದಳು? ಕತೆ ಹೇಳಿದವರಿಗೆ ಇದು ಬೇಕಾಗಿರಲಿಲ್ಲ. ಬ್ರಿಟನ್ನಿನ ಕವಿ ಕ್ಯಾರಲ್ ಆನ್ ಡಫಿ ಅವರಿಗೆ ಬೇಕಾಯಿತು. 1999ರಲ್ಲಿ ಬಂದ ಅವರ 'ದ ವರ್ಲ್ಡ್ಸ್ ವೈಫ್' ಸಂಕಲನದ ಮೂವತ್ತು ಕವಿತೆಗಳಲ್ಲಿ ಪುರಾಣದ, ಬೈಬಲ್ಲಿನ, ಇತಿಹಾಸದ ಹೆಂಗಸರು ಒಬ್ಬೊಬ್ಬರಾಗಿ ಎದ್ದು 'ನಾನು' ಎಂದು ಮಾತು ತೆಗೆಯುತ್ತಾರೆ.

ಈ ತಂತ್ರ ಹೊಸದಲ್ಲ. ಕವಿ ಮರೆಯಾಗಿ ಪಾತ್ರವೊಂದೇ ಮಾತಾಡುವ, ನಾಟಕೀಯ ಸ್ವಗತ ಎಂದು ಕರೆಯುವ ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಹದಗೊಳಿಸಿದ್ದರು. 1842ರ ಅವರ 'ಮೈ ಲಾಸ್ಟ್ ಡಚೆಸ್' ಪದವಿ ತರಗತಿಯಲ್ಲಿ ಇಂಗ್ಲಿಷ್ ಓದಿದವರಿಗೆ ನೆನಪಿರಬಹುದು. ಅಲ್ಲಿ ಡ್ಯೂಕ್ ಮಾತಾಡುತ್ತಾನೆ, ಸತ್ತ ಹೆಂಡತಿ ಗೋಡೆಯ ಮೇಲಿನ ಚಿತ್ರವಾಗಿ ಸುಮ್ಮನಿರುತ್ತಾಳೆ. ಡಫಿ ಮಾತನ್ನು ಆ ಚಿತ್ರದ ಕಡೆಗೆ ತಿರುಗಿಸಿದರು. ಇಂಥ ಕವಿತೆಯನ್ನು ಓದುವಾಗ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ. ಸ್ತ್ರೀವಾದ ಎಲ್ಲಿದೆ ಎಂದು ಹುಡುಕುವುದು ಆಮೇಲೆ. ಅದನ್ನೇ ಮೊದಲು ಹುಡುಕಲು ಹೊರಟರೆ ಕವಿತೆಯಿಂದ ಒಂದು ಘೋಷಣೆ ಕಿತ್ತುಕೊಂಡು ಬಂದಂತಾಗುತ್ತದೆ, ಅಷ್ಟೇ.

'ಮಿಸೆಸ್ ಮೈದಾಸ್' ಕವಿತೆಯಲ್ಲಿ ಆರಾರು ಸಾಲಿನ ಹನ್ನೊಂದು ಪದ್ಯಗಳಿವೆ. ಅದು ಶುರುವಾಗುವುದು ಅಡುಗೆಮನೆಯಲ್ಲಿ. ಸೆಪ್ಟೆಂಬರ್ ಕೊನೆ. ಒಲೆಯ ಮೇಲೆ ತರಕಾರಿ ಬೇಯುತ್ತಿದೆ, ಹಬೆಗೆ ಕಿಟಕಿ ಮಸುಕಾಗಿದೆ. ಅವಳು ಗಾಜು ಒರೆಸಿ ನೋಡಿದರೆ ಗಂಡ ಪೇರ್ ಮರದ ಕೆಳಗೆ ನಿಂತು ರೆಂಬೆ ಮುರಿಯುತ್ತಿದ್ದಾನೆ. ಕಿತ್ತ ಹಣ್ಣು ಅಂಗೈಯಲ್ಲಿ ಬಲ್ಬಿನಂತೆ ಹೊಳೆಯುತ್ತದೆ. ಊಟಕ್ಕೆ ಕೂತಾಗ ಬಡಿಸಿದ್ದು ಮೆಕ್ಕೆಜೋಳದ ತೆನೆ. ಅವನು ಚಿನ್ನದ ಕಾಳುಗಳನ್ನು ಉಗುಳುತ್ತಾನೆ. ಆಮೇಲೆ ಅವಳು ಮಾಡುವ ಕೆಲಸಗಳನ್ನು ಗಮನಿಸಿ. ಕೈ ದೂರವಿಟ್ಟುಕೋ ಎಂದು ಅವನನ್ನು ಕೋಣೆಯ ಆಚೆ ಬದಿಗೆ ಕೂರಿಸುತ್ತಾಳೆ. ಬೆಕ್ಕನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾಳೆ. ಫೋನನ್ನು ಎತ್ತಿಡುತ್ತಾಳೆ. ಶೌಚಾಲಯ ಚಿನ್ನವಾದರೆ ಆಗಲಿ, ಅಭ್ಯಂತರವಿಲ್ಲ! ರಾತ್ರಿ ಮಲಗುವ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತರಿಸುತ್ತಾಳೆ. ಕವಿತೆಯ ತಿರುವು ಈ ಕುರ್ಚಿಯಲ್ಲಿದೆ. ಅಲ್ಲಿಯವರೆಗೆ ನಗಿಸುತ್ತಿದ್ದ ದನಿ ಇಲ್ಲಿಂದ ಹೆದರುತ್ತದೆ. ತಾನು ಚಿನ್ನದ ಮಗುವನ್ನು ಹೆತ್ತಂತೆ ಅವಳಿಗೆ ಕನಸು ಬೀಳುತ್ತದೆ. ಕೊನೆಗೆ ಅವಳು ದೂರುವುದು ಅವನ ದುರಾಸೆಯನ್ನಲ್ಲ. ವರ ಬೇಡುವಾಗ ನನ್ನ ನೆನಪೇ ಬರಲಿಲ್ಲವಲ್ಲ ಎಂಬುದು ಅವಳ ದೂರು. ಆದರೂ ಹಂಬಲಿಸುವುದು ಅವನ ಬೆಚ್ಚನೆಯ ಕೈಗಳಿಗಾಗಿ.

ಇದನ್ನು ಕನ್ನಡಕ್ಕೆ ತರಲು ಕೂತವರಿಗೆ ಮೊದಲ ಪದ್ಯದಲ್ಲೇ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಗಂಡನಿಗೆ ಒಂದೇ ಸರ್ವನಾಮ. ನಮ್ಮಲ್ಲಿ 'ಅವನು' ಎನ್ನುವುದೋ 'ಅವರು' ಎನ್ನುವುದೋ? 'ಅವನು' ಎಂದರೆ ಹೆಂಡತಿ ಮೊದಲ ಸಾಲಿನಿಂದಲೇ ಸಿಟ್ಟಾಗಿರುವಂತೆ ಕೇಳಬಹುದು. ಮೂಲದಲ್ಲಿ ಆ ಸಿಟ್ಟು ಹದವಾಗಿ, ತಡವಾಗಿ ಏರುತ್ತದೆ. ಕೊನೆಯವರೆಗೂ 'ಅವರು' ಎಂದರೆ ಸಿಟ್ಟು ಬರುವುದೇ ಇಲ್ಲ. ನನ್ನ ಮಟ್ಟಿಗೆ, 'ಅವರು' ಎಂದು ಹೊರಟು ಬಾಗಿಲಿಗೆ ಕುರ್ಚಿ ಇಟ್ಟ ಗಳಿಗೆಯಲ್ಲಿ 'ಅವನು' ಎಂದು ಇಳಿಸುವುದು ಸರಿಯಾದ ದಾರಿ. ಮೂಲದಲ್ಲಿ ಇಲ್ಲದ ಈ ಅನುಕೂಲವನ್ನು ನಮ್ಮ ವ್ಯಾಕರಣ ಪುಕ್ಕಟೆಯಾಗಿ ಕೊಡುತ್ತದೆ.

ಅದೇ ಸಂಕಲನದ 'ಆ್ಯನ್ ಹ್ಯಾಥವೇ' ಬೇರೆಯೇ ಜಾತಿಯದು. 1616ರ ಉಯಿಲಿನಲ್ಲಿ ಶೇಕ್ಸ್‌ಪಿಯರ್ ಹೆಂಡತಿಗೆ ತನ್ನ ಎರಡನೆಯ ಒಳ್ಳೆಯ ಮಂಚವನ್ನು ಬಿಟ್ಟುಹೋದ. ಇದು ಅವಮಾನ ಎಂದು ಎಷ್ಟೋ ಜನ ಬರೆದಿದ್ದಾರೆ. ಡಫಿಯ ಆ್ಯನ್ ಹೇಳುವುದೇ ಬೇರೆ: ಒಳ್ಳೆಯ ಮಂಚ ಅತಿಥಿಗಳದ್ದು, ಅವರು ಅದರಲ್ಲಿ ಗದ್ಯ ಜೊಲ್ಲು ಸುರಿಸುತ್ತ ತೂಕಡಿಸಿದರು, ನಮ್ಮ ಮಂಚದಲ್ಲಿ ಕಾಡು, ಕೋಟೆ, ಕಡಲು ಎಲ್ಲವೂ ಇದ್ದವು. ಇದನ್ನು ಅವಳು ಹೇಳುವುದು ಹದಿನಾಲ್ಕು ಸಾಲಿನ ಸುನೀತದಲ್ಲಿ, ಅಂದರೆ ಗಂಡನ ಅಚ್ಚುಮೆಚ್ಚಿನ ಛಂದಸ್ಸಿನಲ್ಲೇ. ಕೊನೆಯ ಎರಡು ಸಾಲುಗಳಲ್ಲಿ ಮಾತ್ರ ಗಟ್ಟಿಯಾದ ಪ್ರಾಸವಿದೆ. ಜೋಡಿ ಕೂಡುವುದು ಅಲ್ಲಿ.

ಎಲ್ಲ ಕವಿತೆಯೂ ಹೀಗೆ ಗೆದ್ದಿಲ್ಲ. 'ಮಿಸೆಸ್ ಡಾರ್ವಿನ್' 1852ರ ದಿನಚರಿಯ ಚುಟುಕು. ಮೃಗಾಲಯದ ಚಿಂಪಾಂಜಿಯನ್ನು ನೋಡಿದಾಗ ನಿಮ್ಮ ನೆನಪಾಯಿತು ಎಂದು ಹೆಂಡತಿ ಗಂಡನಿಗೆ ಹೇಳುತ್ತಾಳೆ. ಜೀವವಿಕಾಸದ ಬಗ್ಗೆ ಡಾರ್ವಿನ್ನನ ದೊಡ್ಡ ಪುಸ್ತಕ ಬಂದದ್ದು 1859ರಲ್ಲಿ ಎಂದು ಗೊತ್ತಿದ್ದವರು ನಗುತ್ತಾರೆ. ಎರಡನೆಯ ಸಲ ಓದಿದರೆ ನಗು ಬರುವುದಿಲ್ಲ. ಗಂಡನನ್ನು ಬರೀ ಪೆದ್ದನನ್ನಾಗಿ ಮಾಡಿದ ಕಡೆಯೆಲ್ಲ ಹೆಂಡತಿಯ ಮಾತೂ ತೆಳುವಾಗುತ್ತದೆ. ಎದುರಾಳಿಗೆ ತೂಕವಿಲ್ಲದಿದ್ದರೆ ಸ್ವಗತಕ್ಕೂ ತೂಕ ಬರುವುದಿಲ್ಲ.

ಡಫಿ 2009ರಲ್ಲಿ ಬ್ರಿಟನ್ನಿನ ಆಸ್ಥಾನಕವಿಯಾದರು. 1668ರಲ್ಲಿ ಡ್ರೈಡನ್ನನಿಂದ ಮೊದಲಾದ ಆ ಪದವಿಗೆ ಹೆಣ್ಣೊಬ್ಬಳು ಬರಲು 341 ವರ್ಷ ಹಿಡಿಯಿತು. ವರ್ಷಕ್ಕೆ 5,750 ಪೌಂಡಿನ ಗೌರವಧನವನ್ನು ಅವರು ಇಟ್ಟುಕೊಳ್ಳದೆ, ಕವಿ ಟೆಡ್ ಹ್ಯೂಸ್ ಹೆಸರಿನ ಹೊಸ ಬಹುಮಾನಕ್ಕೆ ಕೊಟ್ಟರು. ಆ ಬಹುಮಾನ ಒಮ್ಮೆ ಹಾಲಿ ಮೆಕ್‌ನಿಶ್ ಅವರ 'ನೋಬಡಿ ಟೋಲ್ಡ್ ಮಿ' ಪುಸ್ತಕಕ್ಕೆ ಬಂತು. ಬಸುರಿತನ, ಬಾಣಂತನದ ದಿನಚರಿ ಮತ್ತು ಕವಿತೆ ಬೆರೆತ ಪುಸ್ತಕ ಅದು. ನಾಲ್ಕು ಜನರ ಎದುರು ಎದೆಹಾಲು ಕುಡಿಸಲು ನಾಚಿ ಸಾರ್ವಜನಿಕ ಶೌಚಾಲಯದಲ್ಲಿ ಕೂತು ಕುಡಿಸಿದ ತಾಯಿಯ ಕುರಿತ ಅವರ ಕವಿತೆ ಪುಟಕ್ಕಿಂತ ಹೆಚ್ಚಾಗಿ ವಿಡಿಯೊದಲ್ಲಿ ಹರಡಿತು. ಕಾಗದದ ಮೇಲೆ ಅದು ಸಡಿಲ ಎಂಬ ಟೀಕೆಯಲ್ಲಿ ಸುಳ್ಳಿಲ್ಲ. ಆದರೆ ಅದು ಕಿವಿಗಾಗಿ ಕಟ್ಟಿದ್ದು.

ಇನ್ನು ಗ್ರೇಸ್ ನಿಕೋಲ್ಸ್. 1977ರಲ್ಲಿ ಗಯಾನಾದಿಂದ ಬ್ರಿಟನ್ನಿಗೆ ಬಂದವರು. 1984ರ 'ದ ಫ್ಯಾಟ್ ಬ್ಲ್ಯಾಕ್ ವುಮನ್ಸ್ ಪೊಯಮ್ಸ್' ಪುಸ್ತಕದ ನಾಯಕಿ ದಪ್ಪನೆಯ ಕಪ್ಪು ಹೆಂಗಸು. ಲಂಡನ್ನಿನ ಚಳಿಯಲ್ಲಿ ಅಂಗಡಿಯಿಂದ ಅಂಗಡಿಗೆ ಬಟ್ಟೆ ಹುಡುಕುತ್ತ ಅಲೆಯುತ್ತಾಳೆ. ಸೊಗಸಾದದ್ದು ಹದಿನಾಲ್ಕನೇ ಅಳತೆಗೆ ಮುಗಿದುಹೋಗುತ್ತದೆ, ಅದರ ಮೇಲೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಣ್ಣ, ಲಿಂಗ, ವಲಸೆ ಎಂದು ಬೇರೆ ಬೇರೆ ಅಧ್ಯಾಯ ಬರೆಯುವವರು ಈ ಒಂದು ಅಂಕಿಯನ್ನು ನೋಡಬೇಕು. ಮೂರೂ ಒಂದೇ ಹ್ಯಾಂಗರಿನಲ್ಲಿ ತೂಗುತ್ತಿವೆ. ಅವಳು ಬೈಯುವುದು ಆಫ್ರಿಕದ ಸ್ವಾಹಿಲಿ, ಯೊರುಬಾಗಳಲ್ಲಿ ಮತ್ತು ತನ್ನ ಊರಿನ ನುಡಿಯಲ್ಲಿ, ಆ ಊರಿನ ನುಡಿಯನ್ನು ನಿಕೋಲ್ಸ್ ತಿದ್ದಲಿಲ್ಲ.

ಬಾನುಲಿಗೂ ಈ ಕಾವ್ಯಕ್ಕೂ ನಂಟಿದೆ. ಗಿಲಿಯನ್ ಕ್ಲಾರ್ಕ್ ಅವರ 'ಲೆಟರ್ ಫ್ರಮ್ ಎ ಫಾರ್ ಕಂಟ್ರಿ', ಮನೆವಾರ್ತೆಯ ನಡುವೆ ಹೆಂಗಸೊಬ್ಬಳು ಬರೆಯುವ ನೀಳ್ಗವಿತೆ, ಬಿಬಿಸಿ ವೇಲ್ಸ್‌ಗಾಗಿ ಹುಟ್ಟಿದ್ದು. ಜಾಕಿ ಕೇ ಅವರ 'ದ ಅಡಾಪ್ಷನ್ ಪೇಪರ್ಸ್' 1991ರಲ್ಲಿ ಪುಸ್ತಕವಾಗುವ ಮೊದಲೇ ರೇಡಿಯೊದಲ್ಲಿ ಬಂದಿತ್ತು. ಅದರಲ್ಲಿ ಮೂರು ದನಿ: ಮಗಳು, ಸಾಕುತಾಯಿ, ಹೆತ್ತತಾಯಿ. ಮುದ್ರಣದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಕ್ಷರರೂಪ. ಮಗಳಿಗೆ ಪಲಟಿನೊ, ಸಾಕುತಾಯಿಗೆ ಗಿಲ್, ಹೆತ್ತವಳಿಗೆ ಬೊಡೋನಿ. ಎಲ್ಲವನ್ನೂ ಒಂದೇ ಅಕ್ಷರದಲ್ಲಿ ಜೆರಾಕ್ಸ್ ನೋಟ್ಸ್ ಮಾಡಿ ಹಂಚಿದರೆ ಅಮ್ಮಂದಿರಿಬ್ಬರೂ ಕಲಸಿಹೋಗುತ್ತಾರೆ. ಗಟ್ಟಿಯಾಗಿ ಓದುವುದಾದರೆ ಮೂರು ಜನ ಬೇಕು. ಸಾಕುತಾಯಿಯ ಪಾಲನ್ನು ಆಡುನುಡಿ ಬಲ್ಲವರಿಗೇ ಕೊಡಬೇಕು, ಅವಳದು ಸ್ಕಾಟ್ಲೆಂಡಿನ ಮನೆಮಾತು.

ಆ ಸಾಕುತಾಯಿ ಕಮ್ಯುನಿಸ್ಟಳು. ದತ್ತು ಸಂಸ್ಥೆಯ ಹೆಂಗಸು ಮನೆ ನೋಡಲು ಬರುತ್ತಾಳೆಂದು ಮಾರ್ಕ್ಸ್, ಎಂಗೆಲ್ಸ್, ಲೆನಿನ್ನರ ಪುಸ್ತಕಗಳನ್ನು ಬಟ್ಟೆಯ ಬೀರುವಿಗೆ ತುರುಕುತ್ತಾಳೆ, ಪಕ್ಷದ ಪತ್ರಿಕೆಯನ್ನು ಸೋಫಾದಡಿಗೆ ತಳ್ಳುತ್ತಾಳೆ, ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ನನ ಪೋಸ್ಟರ್ ಇಳಿಸುತ್ತಾಳೆ. ಒಳ್ಳೆಯ ತಾಯಿ ಎನ್ನಿಸಿಕೊಳ್ಳಲು ಹೆಣ್ಣು ತನ್ನ ತಲೆಯೊಳಗಿನದನ್ನೆಲ್ಲ ಬಚ್ಚಿಡಬೇಕು. ಸಂಸ್ಥೆಯವಳು ಹನ್ನೊಂದೂವರೆಗೆ ಸರಿಯಾಗಿ ಬರುತ್ತಾಳೆ. ಕಾಫಿ ಕೊಡುವುದೇ ಆಗ ಕಮ್ಯುನಿಸ್ಟ್ ದೇಶವಾಗಿದ್ದ ಹಂಗೇರಿಯಿಂದ ಬಂದ ಕಪ್ಪಿನಲ್ಲಿ. ಎಲ್ಲಿಯದು ಎಂದು ಕೇಳದಿದ್ದರೆ ಸಾಕು! ಎಲ್ಲ ಮುಗಿಯಿತು ಎನ್ನುವಾಗ ಬಚ್ಚಿಡಲು ಮರೆತ ಶಾಂತಿ ಬ್ಯಾಡ್ಜುಗಳು ಬಂದವಳ ಕಣ್ಣಿಗೆ ಬೀಳುತ್ತವೆ. ಅಣ್ವಸ್ತ್ರಕ್ಕೆ ನಿಮ್ಮ ವಿರೋಧವೇ ಎಂದು ಕೇಳುತ್ತಾಳೆ. ಆದದ್ದಾಗಲಿ ಎಂದು ಇವಳು ಹೌದು ಎಂದುಬಿಡುತ್ತಾಳೆ, ಮಗು ಅಣುಬಾಂಬಿಲ್ಲದ ಲೋಕದಲ್ಲಿ ಬದುಕಲಿ ಎನ್ನುತ್ತಾಳೆ. ನಾನೂ ಶಾಂತಿಯ ಪರವೇ ಎಂದು ಆಕೆ ಇನ್ನೊಂದು ಕಪ್ ಕಾಫಿಗೆ ಕೂತುಕೊಳ್ಳುತ್ತಾಳೆ.