ಮೂರು ಅಡ್ಡಗೆರೆ, ಒಂದು ಬ್ಲಾಗು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಂತದ್ದೊಂದು ಬ್ಲಾಗ್ ಬೇಕು ಅನ್ನುವ ಆಸೆ ತುಂಬ ಜನರಿಗಿದೆ. ಡೇಟಾಬೇಸು, ಪ್ಲಗಿನ್ನು, ಅಪ್‌ಡೇಟು ಅಂತ ಕಿವಿಗೆ ಬಿದ್ದ ಕೂಡಲೇ ಕೈಬಿಡುತ್ತಾರೆ. ಆದರೆ ಸ್ಟ್ಯಾಟಿಕ್ ಸೈಟ್ ಅಂತ ಒಂದು ಬಗೆ ಇದೆ, ಅದಕ್ಕೆ ಡೇಟಾಬೇಸ್ ಬೇಕಾಗಿಯೇ ಇಲ್ಲ. ನೀವು ಬರೆದು ಹಾಕಿದಾಗಲೇ ಪುಟಗಳೆಲ್ಲ ತಯಾರಾಗಿ ಕೂತಿರುತ್ತವೆ. ಓದುವವರು ಬಂದಾಗ ಸರ್ವರ್ ಅವನ್ನು ಎತ್ತಿ ಕೊಡುತ್ತದೆ, ಅಷ್ಟೇ.

ಹೀಗೆ ಪುಟ ತಯಾರಿಸಿಕೊಡುವ ಉಚಿತ ತಂತ್ರಾಂಶಗಳು ಹಲವು. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೊ ಇವುಗಳಲ್ಲಿ ಹೆಸರಾದವು. ಹೊಸಬರಿಗೆ ನಾನು ಹೇಳುವುದು ಜೆಕಿಲ್. ಫೈಲುಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಸೈಟ್ ನಡೆಸಿಕೊಡುವ ಗಿಟ್‌ಹಬ್ ಪೇಜಸ್ ಅನ್ನುವ ಸೇವೆ ಇದೆ. ಅದು ಜೆಕಿಲನ್ನು ತನ್ನಲ್ಲೇ ಓಡಿಸುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸರಳವಾದ ಒಂದು ಟೆಂಪ್ಲೇಟನ್ನು, ಅಂದರೆ ಸಿದ್ಧ ಮಾದರಿ ಸೈಟನ್ನು, ನಿಮ್ಮ ಗಿಟ್‌ಹಬ್ ಖಾತೆಗೆ ನಕಲು ಮಾಡಿಕೊಳ್ಳಿ. ಹಾಗೆ ನಕಲಾದ ಫೈಲುಗಳ ಗಂಟಿಗೆ ರೆಪಾಸಿಟರಿ ಅನ್ನುತ್ತಾರೆ. ಅದಕ್ಕೆ ನಿಮ್ಮ ಬಳಕೆದಾರ ಹೆಸರು, ಚುಕ್ಕಿ, ಗಿಟ್‌ಹಬ್, ಚುಕ್ಕಿ, ಐಓ ಅಂತ ಹೆಸರಿಡಿ. ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ಆನ್ ಆಗಿದೆಯಾ ನೋಡಿ. ರೆಪಾಸಿಟರಿಗೆ ಇಟ್ಟ ಆ ಹೆಸರೇ ಬ್ಲಾಗಿನ ವಿಳಾಸವೂ. ಬೇರೆ ಹೆಸರಿಟ್ಟರೆ ಸೈಟಿನ ಹೊಂದಿಕೆಗಳಿರುವ ಕಾನ್ಫಿಗ್ ಫೈಲಿನ ಬೇಸ್‌ಯುಆರ್‌ಎಲ್ ಸಾಲಿನಲ್ಲೂ ಅದನ್ನು ಬರೆಯಬೇಕು. ಮರೆತರೆ ಬಣ್ಣವಿಲ್ಲದೆ, ವಿನ್ಯಾಸವಿಲ್ಲದೆ ಬರೀ ಅಕ್ಷರಗಳಷ್ಟೇ ಕಾಣುತ್ತವೆ.

ಈಗ ಬರಹ. ಹೆಸರಿನ ಮೊದಲಿಗೆ ಅಂಡರ್‌ಸ್ಕೋರ್ ಇರುವ ಪೋಸ್ಟ್ಸ್ ಅನ್ನುವ ಫೋಲ್ಡರಿನಲ್ಲಿ ಒಂದು ಹೊಸ ಫೈಲ್ ಮಾಡಿ. ಅದರ ಹೆಸರು ಇಸವಿ, ತಿಂಗಳು, ದಿನದಿಂದಲೇ ಶುರುವಾಗಬೇಕು, ನಡುನಡುವೆ ಅಡ್ಡಗೆರೆ. ಫೈಲಿನ ಮೊದಲ ಸಾಲಿನಲ್ಲಿ ಮೂರು ಅಡ್ಡಗೆರೆ. ಅದರ ಕೆಳಗೆ ಟೈಟಲ್ ಅಂತ ಬರೆದು, ಕೋಲನ್ ಹಾಕಿ, ಒಂದು ಜಾಗ ಬಿಟ್ಟು ನಿಮ್ಮ ಶೀರ್ಷಿಕೆ. ಮತ್ತೆ ಮೂರು ಅಡ್ಡಗೆರೆ. ಅಲ್ಲಿಂದ ಕೆಳಗೆ ನಿಮ್ಮ ಮಾತು. ಕೋಲನ್ ನಂತರದ ಆ ಒಂದು ಜಾಗ ತಪ್ಪಿದರೂ ಕೆಲಸ ಕೆಡುತ್ತದೆ.

ನನ್ನ ಮೊದಲ ಬರಹ ಸೈಟಿನಲ್ಲಿ ಕಾಣಿಸಲೇ ಇಲ್ಲ. ಒಂದು ಸಂಜೆಯೆಲ್ಲ ಹುಡುಕಿದೆ. ಕೊನೆಗೆ ನೋಡಿದರೆ ಫೈಲಿನ ಹೆಸರಿನಲ್ಲಿ ಮುಂದಿನ ತಿಂಗಳ ತಾರೀಖು ಬಿದ್ದಿತ್ತು. ತಾರೀಖು ಇನ್ನೂ ಬಾರದ ಬರಹವನ್ನು ಜೆಕಿಲ್ ತಾನಾಗಿ ತೋರಿಸುವುದಿಲ್ಲ. ಬರಹ ಕಾಣೆಯಾದರೆ ಮೊದಲು ಇದನ್ನೇ ನೋಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಟೆಂಪ್ಲೇಟುಗಳು ಸಾಮಾನ್ಯವಾಗಿ ಇಂಗ್ಲಿಷಿಗೆ ಹೊಂದಿಸಿದವು. ಪುಟದ ಭಾಷೆ ಅನ್ನುವ ಕಡೆ ‘ಇಎನ್’ ಅಂತ ಇರುತ್ತದೆ, ಅದನ್ನು ‘ಕೆಎನ್’ ಮಾಡಿ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶ ಯಾವ ದನಿ ಬಳಸಬೇಕೆಂದು ತಿಳಿಯುವುದು ಅದರಿಂದಲೇ. ಆಮೇಲೆ ಸಾಲುಗಳ ನಡುವಿನ ಅಂತರ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅಲ್ವಾ? ‘ರಾಷ್ಟ್ರ’ ಅಂತ ಬರೆದು ನೋಡಿ. ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಮಾಡಿ. ಓದುವ ಕಣ್ಣಿಗೆ ಎಷ್ಟೋ ಹಗುರ.

ಬಣ್ಣ, ಥೀಮು ಅಂತ ಸುಮ್ನೆ ವಾರಗಟ್ಟಲೆ ಕಳೆಯಬೇಡಿ. ಥೀಮ್ ಆಮೇಲೂ ಬದಲಿಸಬಹುದು, ಬರಹದ ಫೈಲುಗಳು ಹಾಗೇ ಇರುತ್ತವೆ. ಇನ್ನೊಂದು ಎಚ್ಚರ: ರೆಪಾಸಿಟರಿ ಸಾರ್ವಜನಿಕವಾಗಿದ್ದರೆ ಅದರಲ್ಲಿರುವ ಅರೆಬರೆ ಕರಡನ್ನೂ ಯಾರು ಬೇಕಾದರೂ ಓದಬಹುದು. ಕರಡು ನಿಮ್ಮ ಕಂಪ್ಯೂಟರಿನಲ್ಲೇ ಇರಲಿ.

ಟೆಂಪ್ಲೇಟಿನ ಜೊತೆ ಬಂದ ಮಾದರಿ ಬರಹಗಳನ್ನು ಇವತ್ತೇ ಅಳಿಸಿ. ಆ ಜಾಗದಲ್ಲಿ ನಿಮ್ಮದೇ ನಾಲ್ಕು ಸಾಲು ಹಾಕಿ.

ನಮಸ್ಕಾರ.